ಬೆಂಡು ಕಟ್ಟಿದ ಕೇಬಲ್ಲು

ಕುಂದಾಪುರದ ಹತ್ತಿರ ಹೊಳೆಗೆ ಸಮುದ್ರ ಸೇರುವ ಮೊದಲು ಸ್ವಲ್ಪ ಹಿಂದೆಮುಂದೆ ನೋಡುವ ಚಾಳಿ. ಅದು ಹಾಗೆ ತಡೆದು ನಿಂತಲ್ಲೆಲ್ಲ ಒಂದೊಂದು ಕುದ್ರು ಎದ್ದಿದೆ. ಸುತ್ತ ನೀರು, ನಡುವೆ ನಾಲ್ಕು ತೆಂಗು, ನಾಲ್ಕು ಮನೆ. ಬೈನೆಕುದ್ರು ಅಂಥದ್ದೇ ಒಂದು. ಅಲ್ಲಿ ಸಿಗಡಿಗೂ ಬರವಿಲ್ಲ, ಸೊಳ್ಳೆಗೂ ಬರವಿಲ್ಲ. ಬರ ಇದ್ದದ್ದು ಮೊಬೈಲ್ ಸಿಗ್ನಲ್ಲಿಗೆ ಮಾತ್ರ. ಸಿಗ್ನಲ್ ಹುಡುಕಿ ಹುಡುಕಿ ಅಲ್ಲಿನವರ ಕತ್ತು ಗೇಣುದ್ದ ಬೆಳೆದು, ಇವರೂ ನಮ್ಮ ಪೈಕಿಯವರೇ ಇರಬೇಕು ಎಂದು ಕೊಕ್ಕರೆಗಳು ಬಂದು ಪಕ್ಕದಲ್ಲೇ ಕೂರುತ್ತಿದ್ದವು.

ಆ ಕುದ್ರುವಿಗೆ ಇಂಟರ್ನೆಟ್ಟಿನ ಫೈಬರ್ ಕೇಬಲ್ ಎಳೆಯುವ ಕೆಲಸ ಈಚೆ ದಡದ ಕೋಡಿಯ ಕುಷ್ಟನ ಪಾಲಿಗೆ ಬಂತು. ಕುಷ್ಟ ಮೊದಲು ಬಲೆ ಬಿಡುತ್ತಿದ್ದವ. ಆಮೇಲೆ ದೋಣಿ ಮಾರಿ, ಪ್ರೇಮಾನಂದ ಕಂಟ್ರಾಕ್ಟರನ ಕೈಕೆಳಗೆ ಕೇಬಲ್ ಕೆಲಸ ಕಲಿತ. ಬೀಜಾಡಿಯಿಂದ ಬ್ರಹ್ಮಾವರದವರೆಗೆ ಅವನು ಹತ್ತದ ಕಂಬವಿಲ್ಲ. ಅವನು ಬರುವುದು ಕಂಡರೆ ಕಂಬಗಳೇ ಒಂಚೂರು ಬಗ್ಗಿ ಹೆಗಲು ಕೊಡುತ್ತವಂತೆ. ಸುಳ್ಳು ಅನ್ನಿಸಿದರೆ ಕಂಬವನ್ನೇ ಕೇಳಬಹುದು.

ಇಷ್ಟೆಲ್ಲ ಎತ್ತರ ಹತ್ತುವ ಕುಷ್ಟನಿಗೆ ಒಂದು ಮನೆಯ ಮೆಟ್ಟಿಲು ಹತ್ತುವುದೆಂದರೆ ಮಾತ್ರ ಮಹಾ ಸಂಕೋಚ. ಕೆಲಸವಿಲ್ಲದೆ ಯಾರ ಮನೆಗೂ ಹೋದವನಲ್ಲ. ಕರೆದರೂ, "ಸುಮ್ನೆ ಬಂದ್ ಎಂತ ಮಾಡುದ್ ಮರಾಯ್ರೆ?" ಎಂದು ಜಾರಿಕೊಳ್ಳುತ್ತಿದ್ದ. ಹಾಗೆ ಜಾರಿ ಜಾರಿಯೇ ಮದುವೆಯ ವಯಸ್ಸೂ ಜಾರಿಹೋಯಿತು.

ಬೈನೆಕುದ್ರುವಿನಲ್ಲಿ ಜಲಜ ಇದ್ದಳು. ಅವಳೂ ಮದುವೆಯಾದವಳಲ್ಲ. ಅಪ್ಪ ಅಮ್ಮ ಹೋದ ಮೇಲೆ ಒಂದು ಹೊಲಿಗೆ ಮಿಶಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳ ರವಿಕೆ ತೊಟ್ಟವರು ಬೇರೆ ಟೈಲರನ ಹೆಸರು ಎತ್ತುತ್ತಿರಲಿಲ್ಲ. ಮುಂಬೈಯಲ್ಲಿ ನೆಲೆಸಿದ ಕುಂದಾಪುರದ ಹೆಂಗಸರೂ ಅಳತೆ ಕಳಿಸುತ್ತಿದ್ದರು. ಆದರೆ ಯಾವ ಕುತ್ತಿಗೆ, ಯಾವ ತೋಳು ಎಂಬ ಫೋಟೋ ಬರುವುದು ಮೊಬೈಲಿಗಲ್ಲವೇ? ಅದನ್ನು ನೋಡಲು ಜಲಜ ದಿನವೂ ದೋಣಿ ಹತ್ತಿ ಈಚೆ ದಡಕ್ಕೆ ಬರಬೇಕಿತ್ತು. ಬೈಂದೂರಿನಲ್ಲಿ ಅವಳ ತಂಗಿಯ ಬಟ್ಟೆ ಅಂಗಡಿ ಇತ್ತು. ಮಳೆಗಾಲದೊಳಗೆ ಲೈನ್ ಬಂದರೆ ಕುದ್ರು, ಬರದಿದ್ದರೆ ಬೈಂದೂರು ಎಂದು ಜಲಜ ತೀರ್ಮಾನ ಮಾಡಿಬಿಟ್ಟಿದ್ದಳು.

ಕುಷ್ಟನಿಗೆ ಈ ಮಾತು ಕಿವಿಗೆ ಬಿದ್ದದ್ದೇ ತಡ, ಕೈಗೆ ಹತ್ತು ಆನೆಯ ಬಲ ಬಂತು. ಕೋಡಿಯವರೆಲ್ಲ ಅವನನ್ನು ಕುಷ್ಟಣ್ಣ ಎನ್ನುತ್ತಿದ್ದರು. ಜಲಜ ಒಬ್ಬಳು ಮಾತ್ರ "ಹ್ವಾಯ್" ಎನ್ನುತ್ತಿದ್ದಳು. ಆ 'ಅಣ್ಣ' ಇಲ್ಲದ ಖಾಲಿ ಜಾಗದಲ್ಲಿ ಕುಷ್ಟ ವರ್ಷಗಟ್ಟಲೆ ವಾಸ ಮಾಡಿದ್ದ. ಜಲಜ ಬೈಂದೂರಿಗೆ ಹೋದರೆ ಆ ಜಾಗವೂ ಹೋದಂತೆ.

ಹೊಳೆಯ ಮೇಲೆ ಕೇಬಲ್ ತೂಗಿಬಿಟ್ಟರೆ ದೋಣಿಗಳಿಗೆ ತಾಗುತ್ತದೆ. ಹಾಗಾಗಿ ತಳದಲ್ಲೇ ಹಾಕಬೇಕು. ಕಪ್ಪು ಪೈಪಿನೊಳಗೆ ಕೇಬಲ್ ತೂರಿಸಿ, ಅದನ್ನು ದೊಡ್ಡ ಉರುಳೆಗೆ ಸುತ್ತಿ ದೋಣಿಯಲ್ಲಿಟ್ಟರು. ಕುಷ್ಟ ಮಾರಿಗೊಂದು ಕಲ್ಲು ಕಟ್ಟುತ್ತ, ತಳಬಲೆ ಬಿಡುವ ಹಾಗೆ ನಿಧಾನ ನೀರಿಗೆ ಬಿಟ್ಟ. ಬಗ್ಗಿಸಬಾರದು, ಮಡಚಬಾರದು. ಒಳಗಿರುವುದು ಕೂದಲಿನಷ್ಟು ಸಪೂರದ ಗಾಜು.

ಶುರು ಮಾಡಿದ್ದು ಕುದ್ರುವಿನ ಕಡೆಯಿಂದ. ಅಲ್ಲಿ ಜಲಜ ನೀರಿಗಿಳಿದು ಪೈಪಿನ ತುದಿ ಹಿಡಿದುಕೊಂಡಳು. ಪಕ್ಕದ ಮನೆಯ ಅಪ್ಪಿಚಿಕ್ಕಿ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ನೋಡಲು ಬಂದಿದ್ದಳು.

"ಇದ್ರಂಗ್ ಬೆಳ್ಕ್ ಹೋತ್ತಾ ಕುಷ್ಟ?" ಎಂದಳು ಅಪ್ಪಿಚಿಕ್ಕಿ.

"ಹೌದ್ ಚಿಕ್ಕಿ. ಮಾತೆಲ್ಲ ಬೆಳ್ಕಾಯ್ ಹೋತ್ತ್."

"ನಿನ್ ಮಾತ್ ಎಂತಕೆ ಮತ್ತೆ ಬಾಯಂಗೇ ಕೂಕಂಡಿತ್? ಒಂದ್ ಪೈಪ್ ನಿಂಗೂ ಹಾಕ್ಸ್ಕ."

ಜಲಜ ನಕ್ಕಳು. ಕುಷ್ಟ ಆ ನಗುವಿನಲ್ಲಿ ಮೈಮರೆತ. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮೀನುಗಾರನ ಕೈ ಅದು. ನೀರಿಗೆ ಏನೇ ಬಿಡಲಿ, ಎಲ್ಲಿ ಬಿಟ್ಟೆ ಎಂದು ಗೊತ್ತಾಗಲು ಮೇಲೊಂದು ಬೆಂಡು ತೇಲಿಬಿಡದೆ ಆ ಕೈಗೆ ಸಮಾಧಾನವಿಲ್ಲ. ದೋಣಿಯ ಮೂಲೆಯಲ್ಲಿ ಹಳೆಯ ಬಿಳಿ ಬೆಂಡೊಂದು ಬಿದ್ದಿತ್ತು. ನಡುಹೊಳೆಯಲ್ಲಿ ಅದನ್ನು ಉದ್ದ ಹಗ್ಗದಿಂದ ಕೇಬಲ್ ಪೈಪಿಗೆ ಗಟ್ಟಿಯಾಗಿ ಕಟ್ಟಿ ತೇಲಿಬಿಟ್ಟ.

ಮರುದಿನ ಎರಡೂ ದಡದಲ್ಲಿ ತುದಿ ಜೋಡಿಸುವುದಷ್ಟೇ ಬಾಕಿ. ಕುಷ್ಟ ಜೋಡಿಸುವ ಮಿಶಿನ್ ಹೆಗಲಿಗೇರಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊಳೆಬದಿಗೆ ಬಂದರೆ, ಅಲ್ಲಿ ಕರಿಯ ಬೊಬ್ಬೆ ಹಾಕುತ್ತಿದ್ದ. ಕರಿಯ ಅಂದರೆ ಏಡಿ ಹಿಡಿಯುವವ. ಯಾರೋ ಮರೆತುಹೋದ ಬಲೆ ಎಂದುಕೊಂಡು ಆ ಬೆಂಡಿಗೆ ಹಗ್ಗ ಹಾಕಿ, ಇಂಜಿನ್ ದೋಣಿಯಲ್ಲಿ ಎಳೆದುಬಿಟ್ಟಿದ್ದ.

"ಎಳ್ದೆ, ಎಳ್ದೆ, ಕುದ್ರೇ ಹಿಂದಿಂದ ಬಪ್ಪುಕ್ ಹೊರ್ಟಿತ್ ಕಾಣಿ! ತೆಂಗಿನ್ ಮರ ಎಲ್ಲ ಇತ್ಲಾಗ್ ವಾಲ್ದೊ! ನಾನ್ ತಿಮಿಂಗಿಲ ಅಂದೇಳಿ ಗ್ರೇಶಿದ್ದೆ!" ಎಂದು ಕರಿಯ ಕೈ ಬೀಸಿ ಬೀಸಿ ಹೇಳಿದ.

ತಿಮಿಂಗಿಲವಲ್ಲ, ಕುಷ್ಟನ ಕೇಬಲ್ಲು. ಪೈಪ್ ಸೀಳಿ, ಒಳಗಿನ ಗಾಜು ಚೂರುಚೂರಾಗಿ, ದಡದಲ್ಲಿ ಸತ್ತ ಹಾವಿನಂತೆ ಬಿದ್ದಿತ್ತು.

ಪ್ರೇಮಾನಂದ ತಲೆ ಮೇಲೆ ಕೈ ಹೊತ್ತ. "ಕೇಬಲ್ಲಿಗ್ ಬೆಂಡ್ ಕಟ್ಟಿದ್ ಲೋಕದಂಗೇ ನೀನೊಬ್ನೇ ಕುಷ್ಟ! ಇನ್ ಹೊಸ ಕೇಬಲ್ ಬರ್ಕ್. ಅಷ್ಟೊತ್ತಿಗ್ ಮಳೆ ಹಿಡಿತ್ತ್. ನೆರೆ ಇಳ್ಕಂಡ್ ಮೇಲೇ ಕೆಲ್ಸ."

ಅವನು ಹೇಳಿ ಬಾಯಿ ಮುಚ್ಚುವುದರೊಳಗೆ ಬೈಂದೂರಿನ ಕಡೆಯಿಂದ ಗುಡುಗಿತು. ಗುಡುಗಿಗೂ ಆ ಊರೇ ಬೇಕಿತ್ತೇ ಎಂದು ಕುಷ್ಟನಿಗೆ ಅನ್ನಿಸಿತು.

ಜಲಜ ಹೊರಟ ದಿನ ಹೊಲಿಗೆ ಮಿಶಿನ್ನನ್ನು ದೋಣಿಯಿಂದ ಇಳಿಸಿ ಟೆಂಪೋಗೆ ಏರಿಸಿದವನು ಕುಷ್ಟನೇ. ಮಿಶಿನ್ ಎತ್ತುವ ಕೆಲಸ ಇತ್ತಲ್ಲ, ಅದಕ್ಕೇ ಹೋದ. ಟೆಂಪೋದವನು ಹಗ್ಗ ಬಿಗಿಯುತ್ತಿದ್ದಾಗ ಜಲಜ ಹತ್ತಿರ ಬಂದಳು.

"ಹ್ವಾಯ್, ಒಂದ್ ಕೇಂತೆ. ಬೇಜಾರ್ ಮಾಡ್ಕಂಬೇಡಿ. ಕೆಲ್ಸ ಬೇಗ ಮುಗಿಬಾರ್ದ್, ಕುದ್ರಿಗ್ ಬತ್ತಾ ಇರ್ಕ್ ಅಂದೇಳಿ ಬೆಂಡ್ ಕಟ್ಟಿದ್ದಾ?"

ಕುಷ್ಟ ಎರಡೂ ಕೈ ಆಡಿಸಿದ. "ಅಯ್ಯೊ ದೇವ್ರೆ! ಇಲ್ಲೆ ಮರಾಯ್ರೆ, ದೇವ್ರಾಣೆ ಇಲ್ಲೆ. ಕೈ ಅಭ್ಯಾಸ, ಅಷ್ಟೇ."

"ಅಷ್ಟೇಯಾ," ಎಂದಳು ಜಲಜ. ಆಮೇಲೆ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು, ಛತ್ರಿ ಮಡಚಿ ಮಡಿಲಲ್ಲಿಟ್ಟುಕೊಂಡಳು.

ಗಾಡಿ ಹೆದ್ದಾರಿ ಹತ್ತಿದ ಮೇಲೆ ಕುಷ್ಟನಿಗೆ ಹೊಳೆಯಿತು, ಅವಳು ಬೈಯಲು ಕೇಳಿದ್ದಲ್ಲ ಎಂದು. ಹೌದು ಅನ್ನಬಹುದಿತ್ತು. ಊರಿಡೀ ಸುಳ್ಳು ಹೇಳಿ ಬದುಕುವಾಗ ಇವನೊಬ್ಬ ನಿಜ ಹೇಳಿ ಕೆಟ್ಟ.

ಆ ಸಲದ ಮಳೆಯಂಥ ಮಳೆ ಮತ್ತೊಂದಿಲ್ಲ. ಕೋಡಿಯಲ್ಲಿ ಮೀನುಗಳು ಹೊಳೆ ಯಾವುದು, ಅಂಗಳ ಯಾವುದು ಎಂದು ತಿಳಿಯದೆ ಬಾಗಿಲು ಬಡಿದು ದಾರಿ ಕೇಳಿದವು. ಕುಷ್ಟ ಮನೆಯ ಮುಂದೆ ಕೂತು ಕುದ್ರುವಿನ ಕಡೆ ನೋಡುತ್ತಿದ್ದ. ಜಲಜಳ ಮನೆಯ ಹೆಂಚು ಮಳೆಯಲ್ಲಿ ಒಮ್ಮೆ ಕಾಣುವುದು, ಒಮ್ಮೆ ಮಾಯವಾಗುವುದು. ಕಾಣದಾಗಲೂ ಅದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಬೈಂದೂರು ದೂರವೇನಲ್ಲ. ದಿನಾ ಬಸ್ಸುಗಳು ಅವನ ಕಣ್ಣೆದುರೇ ಹೋಗುತ್ತಿದ್ದವು. ಹೋದರೆ ಏನೆಂದು ಹೋಗುವುದು? ಒಂದು ಸಲ ಅಂಗಿಯ ಗುಂಡಿ ತಾನೇ ಕಿತ್ತು, ಹೊಲಿಸುವ ನೆಪವಾಯಿತು ಎಂದು ಬಸ್‌ಸ್ಟ್ಯಾಂಡಿನವರೆಗೆ ಹೋದ. ಒಂದು ಗುಂಡಿಗಾಗಿ ಬೈಂದೂರಿಗೆ ಹೋಗುವವರುಂಟೇ ಎಂದು ನಾಚಿ ವಾಪಸು ಬಂದ. ಗುಂಡಿಯಿಲ್ಲದ ಆ ಅಂಗಿಯನ್ನೇ ಮಳೆಗಾಲವಿಡೀ ತೊಟ್ಟ.

ನವರಾತ್ರಿ ಕಳೆದು ಹೊಳೆ ತಿಳಿಯಾಯಿತು. ಹೊಸ ಕೇಬಲ್ ಬಂತು. ಈ ಸಲ ಕುಷ್ಟ ದೋಣಿಯಲ್ಲಿ ಕಲ್ಲು ಬಿಟ್ಟು ಬೇರೇನೂ ಇಟ್ಟುಕೊಳ್ಳಲಿಲ್ಲ. ಪೈಪು ತಳ ಸೇರಿ ಕೆಸರಿನಲ್ಲಿ ಹುಗಿದುಹೋಯಿತು. ಆಚೆ ದಡದಲ್ಲಿ ತುದಿ ಹಿಡಿದುಕೊಂಡದ್ದು ಅಪ್ಪಿಚಿಕ್ಕಿ.

ಮನೆಮನೆಗೂ ಲೈನ್ ಕೊಟ್ಟಾಯಿತು. ಜಲಜಳ ಮನೆಯ ಬೀಗದಕೈ ಅಪ್ಪಿಚಿಕ್ಕಿಯ ಹತ್ತಿರವೇ ಇತ್ತು. "ಅವ್ಳ ಮನಿಗೂ ಹಾಕ್ ಮಗಾ. ಇವತ್ತಲ್ದಿದ್ರೆ ನಾಳೆ ಬತ್ತ್ ಅದ್," ಎಂದಳು ಚಿಕ್ಕಿ. ಕುಷ್ಟ ಆ ಮನೆಯ ಜಗಲಿಯಲ್ಲಿ ಕೂತು ಕೇಬಲ್ಲಿನ ಸಿಪ್ಪೆ ಸುಲಿದ. ಗಾಜಿನ ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನೇರ ಕತ್ತರಿಸಿ, ಎರಡು ತುದಿಗಳನ್ನು ಮಿಶಿನ್ನಿನೊಳಗೆ ಎದುರುಬದುರು ಇಟ್ಟ. ಸಣ್ಣ ಪರದೆಯಲ್ಲಿ ಎರಡೂ ದೊಡ್ಡದಾಗಿ ಕಂಡವು. ನಡುವೆ ಒಂದು ಸಂದು. ಮಿಶಿನ್ ಚಿಟ್ ಎಂದು ಕಿಡಿ ಹಾರಿಸಿತು, ಸಂದು ಮಾಯವಾಯಿತು. ಮನುಷ್ಯರಿಗೂ ಇಂಥದ್ದೊಂದು ಮಿಶಿನ್ ಯಾರೂ ಮಾಡಿಲ್ಲವಲ್ಲ ಎಂದುಕೊಂಡ.

ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಲೈನ್ ಬಂದ ಮೇಲೆ ಎಲ್ಲಿಗಾದರೂ ವೀಡಿಯೊ ಕರೆ ಮಾಡಿ ನೋಡಬೇಕೆಂದು ಪ್ರೇಮಾನಂದ ಹೇಳಿದ್ದ. ಅದೂ ಕೆಲಸವೇ ಅಲ್ಲವೇ? ಕುಷ್ಟ ಜಲಜಳಿಗೆ ಕರೆ ಮಾಡಿದ.

ಪರದೆಯಲ್ಲಿ ಜಲಜ ಬಂದಳು. ಕುತ್ತಿಗೆಗೆ ಅಳತೆ ಟೇಪು, ಹಿಂದೆ ಬಟ್ಟೆ ರಾಶಿ.

"ಹ್ವಾಯ್! ಎಲ್ಲಿಪ್ದ್ ನೀವ್? ಅದ್ ನಮ್ ಜಗ್ಲಿ ಅಲ್ದಾ?"

"ಹೌದ್. ಲೈನ್ ಬಂತ್. ಟೆಸ್ಟ್ ಮಾಡುಕ್ ಫೋನ್ ಮಾಡ್ದೆ."

"ಸ್ವಲ್ಪ ತಿರ್ಸಿ, ಬಾವಿಕಟ್ಟೆ ಕಾಂಬ. ದಾಸಾಳ ಬದ್ಕಿತ್ತಾ? ಹೊಳಿ ಕಾಂತ್ತಾ ಅಲ್ಲಿಂದ?"

ಕುಷ್ಟ ಫೋನ್ ಹಿಡಿದು ಮನೆ ಸುತ್ತ ನಡೆದ. ಬಾವಿಕಟ್ಟೆ ತೋರಿಸಿದ, ದಾಸವಾಳ ತೋರಿಸಿದ, ಹೊಳೆ ತೋರಿಸಿದ. ಜಲಜ ಎಲ್ಲವನ್ನೂ ಕಣ್ತುಂಬ ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಮೂಗೊರೆಸಿಕೊಂಡು, "ಇಲ್ ಗಿರಾಕಿ ಕೂಡಿತ್ ಕಾಣಿ. ಬಿಟ್ಟ್ ಬಪ್ಪುಕ್ ತಂಗಿ ಬಿಡುದಿಲ್ಲೆ," ಎಂದಳು.

"ಹೌದಾ."

"ಟೆಸ್ಟ್ ಆಯ್ತಲೆ? ಮತ್ತೆಂತಾರೂ ಕೆಲ್ಸ ಇತ್ತಾ?"

ಕುಷ್ಟ ಸುತ್ತ ನೋಡಿದ. ಪೆಟ್ಟಿಗೆ ಗೋಡೆಗೆ ಹೊಡೆದಾಗಿತ್ತು. ಕೇಬಲ್ ಸುತ್ತಿಟ್ಟಾಗಿತ್ತು. ಬೈನೆಕುದ್ರುವಿನಲ್ಲಿ ಅವನಿಗೆ ಒಂದು ಮೊಳೆ ಹೊಡೆಯುವ ಕೆಲಸವೂ ಉಳಿದಿರಲಿಲ್ಲ.

"ಇಲ್ಲೆ," ಎಂದ. "ಕೆಲ್ಸ ಎಂತದೂ ಇಲ್ಲೆ. ನಾಳೆ ಬೈಂದೂರಿಗ್ ಬತ್ತೆ."

"ಲೈನ್ ಎಳುಕಾ?"

"ಅಲ್ಲ. ಸುಮ್ನೆ. ನಿಮ್ಮನ್ ಕಾಂಬುಕೆ."

ಪರದೆಯಲ್ಲಿ ಜಲಜ ಅಲುಗಾಡಲಿಲ್ಲ. ಕುಷ್ಟ ಗಾಬರಿಯಾಗಿ ಓಡಿಹೋಗಿ ಪೆಟ್ಟಿಗೆ ನೋಡಿದ. ಹಸಿರು ದೀಪ ಹಾಗೇ ಉರಿಯುತ್ತಿತ್ತು. ಲೈನಿನ ತಪ್ಪಲ್ಲ, ಆಚೆಯವಳೇ ಮಾತಾಡುತ್ತಿರಲಿಲ್ಲ.

"ಬೆಳಿಗ್ಗೆ ರೈಲಂಗ್ ಬನ್ನಿ," ಎಂದಳು ಜಲಜ ಕಡೆಗೆ. "ಬಸ್ಸಂಗಾರೆ ತಡ ಆತ್ತ್."