ದೋಣಿಯಮ್ಮನ ತಂಬಾಕು

ಏಳು ದಿನ ತಂಬಾಕು ಮುಟ್ಟದೆ ಇದ್ದು, ಎಂಟನೆಯ ದಿನ ಬೆಳಿಗ್ಗೆ, ನೆಲ ಕಣ್ಣಿಗೆ ಕಾಣದಷ್ಟು ದೂರ ಕಡಲಿಗೆ ಬಂದ ಮೇಲೆ, ದೋಣಿ ಕಟ್ಟುವ ತೊಕುಜಿ ಆಚಾರಿ ಹಿತ್ತಾಳೆ ಚಿಲುಮೆಗೆ ಕೆಂಡ ತಾಗಿಸಿ ಮೊದಲ ದಮ್ಮು ಎಳೆದ. ಬಾಯಿಗೆ ಬಂದದ್ದು ತಂಬಾಕಿನ ಹೊಗೆಯಲ್ಲ. ತಲೆಗೂದಲು ಒಲೆಗೆ ಬಿದ್ದರೆ ಬರುತ್ತದಲ್ಲ, ಆ ಹೊಗೆ.

ಅವನು ಎರಡನೆಯ ದಮ್ಮನ್ನೂ ಎಳೆದ. ಐವತ್ತನಾಲ್ಕು ವರ್ಷದಲ್ಲಿ ತನ್ನ ಕೈ ತಪ್ಪಿದ್ದು ಅವನಿಗೆ ನೆನಪಿರಲಿಲ್ಲ. ತಪ್ಪು ಅಂಗಡಿಯವನದೇ ಇರಬೇಕು, ಹಳೇ ಸರಕು ಕೊಟ್ಟಿದ್ದಾನೆ ಅಂದುಕೊಂಡ.

ಎರಡನೆಯ ದಮ್ಮಿಗೆ ಕಣ್ಣಲ್ಲಿ ನೀರು ಬಂತು. ಆಗ ಮಡಿಲಲ್ಲಿದ್ದ ಬಿಳಿ ಕಾಗದದ ಪೊಟ್ಟಣ ಬಿಚ್ಚಿ ನೋಡಿದ. ಒಳಗೆ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ತಂಬಾಕು ಇರಬೇಕಿತ್ತು. ಇದ್ದದ್ದು ಕೂದಲೇ. ಕಪ್ಪಗೆ, ಕಮೇಲಿಯಾ ಎಣ್ಣೆ ಹಚ್ಚಿ ಬಾಚಿದ, ಹೆಂಗಸಿನ ಕೂದಲು. ಅರ್ಧ ಉಳಿದಿತ್ತು. ಇನ್ನರ್ಧ ಚಿಲುಮೆಯಲ್ಲಿ ಚಿಟಿಚಿಟಿ ಅನ್ನುತ್ತಿತ್ತು.

ತೊಕುಜಿ ಪೊಟ್ಟಣವನ್ನು ಬೇಗಬೇಗ ಮಡಿಚಿದ.

ಹಮಾಜಿ ಬಂದರಿನಲ್ಲಿ ಯಾವ ದೋಣಿ ಕಟ್ಟಿದರೂ ಕೊನೆಗೆ ಅದಕ್ಕೆ ಜೀವ ಇಡಬೇಕು. ಹಾಯಿ ಕಟ್ಟುವ ಕೂವೆಮರ ನಿಲ್ಲುವ ದಿಮ್ಮಿಯಲ್ಲಿ ಮುಷ್ಟಿಯಗಲದ ಒಂದು ಗೂಡು ಕೊರೆದು, ಒಂದು ಜೊತೆ ಕಾಗದದ ಬೊಂಬೆ, ಎರಡು ದಾಳ, ಐದು ಬಗೆ ಧಾನ್ಯ, ಜೊತೆಗೆ ದೋಣಿ ನಡೆಸುವ ತಾಂಡೇಲನ ಹೆಂಡತಿಯ ತಲೆಗೂದಲು ಇಟ್ಟು, ಮರದ ಬಿರಡೆ ಹೊಡೆದು ಮುಚ್ಚಬೇಕು. ಅಲ್ಲಿಂದಾಚೆ ದೋಣಿಯಮ್ಮ ಅಲ್ಲಿರುತ್ತಾಳೆ. ಕೂದಲೇ ಅವಳು. ಉಳಿದದ್ದೆಲ್ಲ ಅವಳ ಸಾಮಾನು. ಆ ಕೆಲಸ ಆಚಾರಿಯೊಬ್ಬನದೇ. ಬೇರೆಯವರು ನೋಡುವ ಹಾಗಿಲ್ಲ. ಏಳು ದಿನ ಮೊದಲಿನಿಂದ ದೋಣಿ ಮೊದಲ ಬೇಟೆಗೆ ಹೋಗುವ ತನಕ ಆಚಾರಿ ತಂಬಾಕು ಸೇದುವ ಹಾಗಿಲ್ಲ. ಬಿರಡೆ ಬಿದ್ದ ಮೇಲೆ, ದೋಣಿ ಹಳತಾಗಿ ಸೌದೆಯಾಗುವ ತನಕ ಯಾರೂ ತೆಗೆಯುವ ಹಾಗಿಲ್ಲ. ತೆಗೆದರೆ ಅಮ್ಮ ಇಳಿದು ಹೋಗುತ್ತಾಳೆ, ಉಳಿಯುವುದು ಮರದ ಹೆಣ.

ತೊಕುಜಿ ಇದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದ. ಆದರೆ ಅವನ ತಂಬಾಕಿನ ಚೀಲ ಹರಿದಿತ್ತು. ಅಮ್ಮನ ಕೂದಲು ಕಟ್ಟಲು ತಂದ ಬಿಳಿ ಕಾಗದದಲ್ಲಿ ಒಂದು ಹಾಳೆ ಮಿಕ್ಕಿತ್ತು. ಸುಮ್ಮನೆ ಯಾಕೆ ಎಸೆಯುವುದು ಎಂದು ಅದರಲ್ಲಿ ತಂಬಾಕು ಕಟ್ಟಿಟ್ಟುಕೊಂಡಿದ್ದ. ಅಷ್ಟೇ. ನಲವತ್ತೊಂದು ದೋಣಿ ಕಟ್ಟಿದ ಕೈ, ಒಂದು ಹಾಳೆ ಉಳಿಸಲು ಹೋಗಿ, ನಲವತ್ತೆರಡನೆಯ ದೋಣಿಯ ಗರ್ಭಗುಡಿಯಲ್ಲಿ ತಂಬಾಕು ಇಟ್ಟು ಬೀಗ ಹಾಕಿತ್ತು.

"ಏನ್ ಆಚಾರ್ರೇ, ಏನೋ ಸುಟ್ಟ ವಾಸ್ನೆ ಬರ್ತಿದೆಯಲ್ಲ" ಎಂದ ತಾಂಡೇಲ ಗೆನ್ನೊಸುಕೆ. ಹೊಸ ದೋಣಿಯ ಚುಕ್ಕಾಣಿ ಹಿಡಿದು ಹೊಸ ಅಳಿಯನ ಹಾಗೆ ಬೀಗುತ್ತ ನಿಂತಿದ್ದ. "ನಮ್ಮನೇಲಿ ಚಳಿಗಾಲದಲ್ಲಿ ನನ್ನ ಹೆಂಡ್ತಿ ಶಿಗೆ ಬೆಂಕಿ ಊದೋಕೆ ಬಗ್ಗಿದಾಗ ಹಿಂಗೇ ಬರುತ್ತೆ."

"ತಂಬಾಕು" ಎಂದ ತೊಕುಜಿ.

"ಯಾವ ಊರ ತಂಬಾಕು?"

"ಇಲ್ಲೇದೇ. ಹತ್ತಿರದ್ದೇ."

ಗೆನ್ನೊಸುಕೆ ಮೂಗು ಹಿಗ್ಗಿಸಿ ಇನ್ನೊಮ್ಮೆ ಎಳೆದುಕೊಂಡ. "ಯಾಕೋ ಮನೆ ನೆನಪಾಗ್ತಿದೆ" ಎಂದ.

ತೊಕುಜಿ ಚಿಲುಮೆಯನ್ನು ಕಡಲಿಗೆ ಕೊಡವಿದ. ದೋಣಿಯಲ್ಲಿ ಹದಿನಾಲ್ಕು ಜನ, ತನ್ನನ್ನು ಸೇರಿಸಿದರೆ ಹದಿನೈದು. ಸೋರಿಕೆ ಇದೆಯೋ ನೋಡಲು ಆಚಾರಿ ಮೊದಲ ಬೇಟೆಗೆ ಜೊತೆಗೆ ಬರುವುದು ವಾಡಿಕೆ. ಹದಿನೈದು ಜನ ನಡುಗಡಲಲ್ಲಿ, ಅಮ್ಮನಿಲ್ಲದ ದೋಣಿಯಲ್ಲಿ. ಅದು ಗೊತ್ತಿದ್ದದ್ದು ಅವನೊಬ್ಬನಿಗೇ.

ಮಿಕ್ಕ ಅರ್ಧ ಕೂದಲನ್ನಾದರೂ ಒಳಗೆ ಸೇರಿಸಬೇಕು. ಬಿರಡೆ ತೆಗೆಯುವುದು ಪಾಪ ನಿಜ. ಆದರೆ ಅಮ್ಮ ಒಳಗೆ ಇಲ್ಲವೇ ಇಲ್ಲ ಅಂದ ಮೇಲೆ ಇಳಿದು ಹೋಗುವುದು ಯಾರು? ಹೀಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವನು ಉಳಿ ಕೈಗೆ ತೆಗೆದುಕೊಂಡ.

ಸಮಯವೂ ಕೂಡಿ ಬಂತು. ಮುಂದೆ ನೀರಿನ ಮೇಲೆ ಹಕ್ಕಿಗಳು ಮುಗಿಬೀಳುತ್ತಿದ್ದವು. ಅಡಿಯಲ್ಲಿ ಕತ್ಸುವೊ ಮೀನಿನ ಹಿಂಡು. ಕಡಲು ಅನ್ನ ಕುದಿಯುವ ಹಾಗೆ ಕುದಿಯುತ್ತಿತ್ತು. ಊರಿನ ಇನ್ನೂ ಮೂರು ದೋಣಿಗಳು ಆಗಲೇ ಬಂದು ನಿಂತಿದ್ದವು. ಎಲ್ಲರೂ ಗಾಳದ ಬಿದಿರು ಹಿಡಿದು ಅಂಚಿಗೆ ಓಡಿದರು. ಒಬ್ಬ ಜೀವಂತ ಬೂತಾಯಿ ಮೀನುಗಳನ್ನು ಮೊಗೆದು ಕಡಲಿಗೆ ಚೆಲ್ಲತೊಡಗಿದ.

"ಅಡಿಯಲ್ಲಿ ಎಲ್ಲೋ ನೀರು ಜಿನುಗ್ತಿದೆ, ನೋಡಿ ಬರ್ತೀನಿ" ಎಂದ ತೊಕುಜಿ.

"ನೀವು ಕಟ್ಟಿದ ದೋಣೀಲಿ ನೀರಾ?" ಎಂದ ಮುದುಕ ಇವಮಾತ್ಸು. ಎಪ್ಪತ್ತರ ಹತ್ತಿರದ ಆಸಾಮಿ, ಹಲ್ಲು ಎರಡು, ಕಿವಿ ಮಾತ್ರ ನಾಯಿಯದು. "ವಯಸ್ಸಾಯ್ತು ಆಚಾರ್ರೇ ನಿಮಗೆ."

ಬೇರೆ ದಿನವಾಗಿದ್ದರೆ ತೊಕುಜಿ ಮಾತಿಗೆ ಮಾತು ಕೊಡುತ್ತಿದ್ದ. ಈ ದಿನ ತಲೆ ತಗ್ಗಿಸಿ ಹಲಗೆ ಎತ್ತಿ ಕೆಳಗಿಳಿದ.

ಬಿರಡೆ ಅಲ್ಲಾಡಲಿಲ್ಲ. ಕೂದಲು ತೂರಿಸುವಷ್ಟೂ ಸಂದು ಇರಲಿಲ್ಲ. ಹಾಗೆ ಬಿಗಿಯಾಗಿ ಕೂರಿಸುವ ಆಚಾರಿ ಆ ಕರಾವಳಿಯಲ್ಲಿ ಒಬ್ಬನೇ, ಅದು ಅವನೇ. ಜೀವನದಲ್ಲಿ ಮೊದಲ ಸಲ ತನ್ನ ಕೆಲಸಗಾರಿಕೆಯ ಮೇಲೆ ಅವನಿಗೆ ಸಿಟ್ಟು ಬಂತು. ಉಳಿಯ ತುದಿಯನ್ನು ಅಂಚಿಗಿಟ್ಟು ಮೆಲ್ಲಗೆ ಕೆರೆದ. ಚಿರ್. ಇನ್ನೂ ಸ್ವಲ್ಪ ಕೆರೆದ. ಚಿರ್, ಚಿರ್, ಚಿರ್.

ಮೇಲೆ ಇದ್ದಕ್ಕಿದ್ದಂತೆ ಸದ್ದಡಗಿತು.

"ಸುಮ್ನಿರ್ರೋ ಎಲ್ಲ" ಎಂದಿತು ಇವಮಾತ್ಸುವಿನ ದನಿ. "ಕೇಳಿಸ್ತಾ? ಕೂವೆಮರದ ಬುಡದಲ್ಲಿ. ಅಮ್ಮ ಕೂಗ್ತಿದಾಳೆ."

ತೊಕುಜಿಯ ಕೈ ಉಳಿಯ ಮೇಲೆ ಹಾಗೇ ನಿಂತಿತು. ಈ ಗಾಬರಿಯಲ್ಲಿ ಅವನಿಗೆ ಅದೊಂದು ಮರೆತೇ ಹೋಗಿತ್ತು. ಬಿರುಗಾಳಿ ಬರುವ ಮೊದಲು ದೋಣಿಯಮ್ಮ ಜೀರುಂಡೆಯ ಹಾಗೆ ಚಿರ್ ಚಿರ್ ಎನ್ನುತ್ತಾಳೆ. ಹಾಗೆ ಅಂದ ಕ್ಷಣ, ಕಡಲು ಕನ್ನಡಿಯ ಹಾಗಿದ್ದರೂ ಸರಿ, ಹಾಯಿ ತಿರುಗಿಸಿ ಮನೆಗೆ ಹೊರಡಬೇಕು. ಹಮಾಜಿಯಲ್ಲಿ ಹೆಂಡತಿಯ ಮಾತು ಮೀರಿದವರು ಇದ್ದಾರು, ಈ ಸದ್ದನ್ನು ಮೀರಿದವರಿಲ್ಲ.

ಅವನು ಮೇಲೆ ಹತ್ತಿ ಬರುವಷ್ಟರಲ್ಲಿ ಗಾಳಗಳೆಲ್ಲ ಒಳಗೆ ಬಂದಿದ್ದವು. ಒಂದೇ ಒಂದು ಮೀನು ಹಲಗೆಯ ಮೇಲೆ ಬಾಲ ಬಡಿಯುತ್ತಿತ್ತು. ಗೆನ್ನೊಸುಕೆ ಚುಕ್ಕಾಣಿ ತಿರುಗಿಸುತ್ತಿದ್ದ. ಮುಖ ಮಾತ್ರ ಮೀನಿನ ಕಡೆಗೇ ಇತ್ತು. ಮೊದಲ ಬೇಟೆಗೆ ಹೋಗಿ ಬರಿಗೈಲಿ ಬಂದ ದೋಣಿಯನ್ನು ಇಡೀ ವರ್ಷ ಊರಿನ ಮಕ್ಕಳೂ ಆಡಿಕೊಳ್ಳುತ್ತವೆ. ಆ ಭಯ ಅವನ ಮುಖದಲ್ಲಿತ್ತು.

ಪಕ್ಕದ ದೋಣಿಯಿಂದ ಯಾರೋ ಕೂಗಿದ. "ಏ ಗೆನ್ನೊಸುಕೆ, ಎಲ್ಲಿಗೋ? ಹೆಂಡ್ತಿ ಕರೆದ್ಲಾ?"

ಆ ದೋಣಿಯವರು ನಗುತ್ತಲೇ ಇದ್ದರು. ಅವರ ತಲೆಯ ಮೇಲೆ ಮೀನುಗಳು ಹಾರಿಹಾರಿ ದೋಣಿಯೊಳಗೆ ಬೀಳುತ್ತಿದ್ದವು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಹದಿನಾಲ್ಕು ಮನೆಯ ಊಟ ತನ್ನ ಉಳಿಯ ತುದಿಯಿಂದಾಗಿ ಹಿಂದೆ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ತನ್ನನ್ನು ಕಡಲಿಗೆ ಎಸೆದಾರು. ಬಿಡದಿದ್ದರೆ ತಾನು ಬದುಕಿಯೂ ತಲೆ ಎತ್ತುವ ಹಾಗಿಲ್ಲ. ತೊಕುಜಿ ಹಲಗೆಯ ಮೇಲೆ ಮಂಡಿಯೂರಿ ಹಣೆ ಹಚ್ಚಿದ.

"ತಾಂಡೇಲರೇ, ತಿರುಗಿಸ್ಬೇಡಿ. ಕೂಗಿದ್ದು ಅಮ್ಮ ಅಲ್ಲ. ನಾನು."

ಮೊದಲಿನಿಂದ ಕೊನೆಯ ತನಕ ಎಲ್ಲ ಹೇಳಿದ.  ಹುಟ್ಟು ಹಿಡಿದವರು ಹುಟ್ಟು ಬಿಟ್ಟಿದ್ದರು. ಒಬ್ಬನ ಕೈಲಿದ್ದ ಬೂತಾಯಿ ಜಾರಿ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಅಂದ್ರೆ," ಎಂದ ಗೆನ್ನೊಸುಕೆ, "ನೀವು ನನ್ನ ಹೆಂಡ್ತಿ ಕೂದಲು ಸೇದಿದ್ರಿ."

"ಎರಡೇ ದಮ್ಮು."

"ಎರಡು."

"ಮೊದಲನೇದಕ್ಕೆ ಗೊತ್ತಾಗ್ಲಿಲ್ಲ."

"ನಾನು ಪಕ್ಕದಲ್ಲಿ ನಿಂತು ವಾಸ್ನೆ ಚೆನ್ನಾಗಿದೆ ಅಂತಿದ್ದೆ."

"ಚೆನ್ನಾಗಿದೆ ಅನ್ಲಿಲ್ಲ ನೀವು. ಮನೆ ನೆನಪಾಗ್ತಿದೆ ಅಂದ್ರಿ."

"ಅಮ್ಮನ ಗೂಡಲ್ಲಿ ಈಗ ಏನಿದೆ?"

"ತಂಬಾಕು."

 ಒಬ್ಬ ತರುಣ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ, ದೋಣಿ ಆಗಲೇ ಮುಳುಗತೊಡಗಿದೆ ಎಂಬಂತೆ.

ಇವಮಾತ್ಸು ಮಾತ್ರ ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತಿದ್ದ. "ಆಚಾರ್ರೇ," ಎಂದ, "ಆ ಉಳಿ ಈಗ ಎಲ್ಲಿದೆ?"

"ನನ್ನ ಕೈಯಲ್ಲೇ."

"ಕೆಳಗೆ ಬೇರೆ ಯಾರಾದ್ರೂ ಇದಾರಾ?"

ಎಲ್ಲರೂ ಒಬ್ಬರನ್ನೊಬ್ಬರು ಎಣಿಸಿಕೊಂಡರು. ಹದಿನೈದು. ಎಲ್ಲರೂ ಮೇಲೇ ಇದ್ದರು.

ಕೂವೆಮರದ ಬುಡದಿಂದ, ಹಲಗೆಯ ಅಡಿಯಿಂದ, ಸದ್ದು ಬರುತ್ತಿತ್ತು. ಉಳಿ ಕೆರೆದಂಥ ಸದ್ದಲ್ಲ, ಅದಕ್ಕಿಂತ ಸಣ್ಣದು, ತುಂಬ ಹತ್ತಿರದ್ದು. ಚಿರ್ ಚಿರ್ ಚಿರ್ ಚಿರ್. ನಡುವೆ ಒಮ್ಮೆ ನಿಂತಿತು. ಹೊಗೆ ನೆತ್ತಿಗೇರಿದವರು ಕೆಮ್ಮುವ ಹಾಗೆ ಒಂದೆರಡು ಸಲ ಖುಕ್ ಖುಕ್ ಎಂದಿತು. ಮತ್ತೆ ಚಿರ್ ಚಿರ್ ಶುರುವಾಯಿತು.

ತೊಕುಜಿಯ ಕೈಯಿಂದ ಉಳಿ ಜಾರಿ ಹಲಗೆಯ ಮೇಲೆ ಬಿತ್ತು. ಯಾರೂ ಅತ್ತ ನೋಡಲಿಲ್ಲ.

"ಹುಟ್ಟು ಹಾಕ್ರಿ" ಎಂದ ಗೆನ್ನೊಸುಕೆ. ಅವನ ದನಿ ಅವನಿಗಷ್ಟೇ ಕೇಳಿಸುವಷ್ಟು ಸಣ್ಣಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

ಹೊರಡುವ ಮೊದಲು ಪಕ್ಕದ ದೋಣಿಗಳಿಗೆ ಕೂಗಿ ಹೇಳಿದರು. ಅವರು ಇನ್ನೂ ಜೋರಾಗಿ ನಕ್ಕರು. ಸೇದಿದ ಕೂದಲು, ಕೆಮ್ಮುವ ದೇವತೆ ಎಂದೆಲ್ಲ ಹೇಳಿದರೆ ಯಾರು ತಾನೇ ನಂಬುತ್ತಾರೆ. ಬಂದರಿನ ಬಾಯಿ ಇನ್ನು ಸ್ವಲ್ಪ ದೂರವಿರುವಾಗ ಹಿಂದಿನ ಆಕಾಶ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಒಳಗೆ ಸೇರಿ ಲಂಗರು ಬಿಡುವಷ್ಟರಲ್ಲಿ ಗಾಳಿ ಬಂತು. ಎಂಥ ಗಾಳಿ ಎಂದರೆ, ಇವಮಾತ್ಸು ಅದನ್ನು ಬಯ್ಯಲು ಬಾಯಿ ತೆರೆದ, ಅದು ಬೈಗುಳದ ಮೊದಲರ್ಧ ಕಿತ್ತುಕೊಂಡು ಹೋಯಿತು. ಉಳಿದರ್ಧವನ್ನು ಅವನು ಮರುದಿನ ಹೇಳಿ ಮುಗಿಸಬೇಕಾಯಿತು. ನಕ್ಕ ಮೂರು ದೋಣಿಗಳಲ್ಲಿ ಎರಡು ಕೂವೆಮರ ಕಳೆದುಕೊಂಡು ತೆವಳಿ ಬಂದವು. ಮೂರನೆಯದು ಬೇರೆಯದೇ ಸೀಮೆಯ ಗದ್ದೆಯೊಂದರಲ್ಲಿ ಸಿಕ್ಕಿತು. ಜನ ಎಲ್ಲ ಬದುಕಿದ್ದರು. ಅವರು ನಡೆದು ಊರು ಮುಟ್ಟಲು ಒಂಬತ್ತು ದಿನ ಹಿಡಿಯಿತು. ಮೀನಂತೂ ಗದ್ದೆಯವನಿಗೇ ಆಯಿತು.

ಬಂದರಿನಲ್ಲಿ ಶಿಗೆ ನಿಂತಿದ್ದಳು. ಹರೆಯದಲ್ಲಿ ಮುಳುಗು ಹಾಕಿ ಕಡಲ ತಳದಿಂದ ಚಿಪ್ಪು ತರುತ್ತಿದ್ದ ಹೆಂಗಸು. ಭುಜ ಗಂಡನದಕ್ಕಿಂತ ಅಗಲ. ತಲೆಗೆ ವಸ್ತ್ರ ಕಟ್ಟಿದ್ದಳು, ಕತ್ತರಿಸಿದ ಜಾಗ ಕಾಣದಿರಲೆಂದು. ತೊಕುಜಿ ಮಳೆಯಲ್ಲೇ ಅವಳೆದುರು ಮಂಡಿಯೂರಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಎಲ್ಲ ಹೇಳಿದ.

ಅವಳು ಕೇಳಿದಳು. ಗಂಡನನ್ನು ನೋಡಿದಳು. ಮತ್ತೆ ಆಚಾರಿಯನ್ನು ನೋಡಿದಳು.

"ಹೆಂಗಿತ್ತು?" ಎಂದಳು.

ತೊಕುಜಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಬಲು ಖಾರ ಅಕ್ಕಾ."

"ಇಪ್ಪತ್ತು ವರ್ಷದಿಂದ ಇವರೂ ನನ್ನನ್ನ ಹಂಗೇ ಅಂತಾರೆ." ಪೊಟ್ಟಣ ತೆಗೆದುಕೊಂಡು ಬಿಚ್ಚಿ ನೋಡಿದಳು. "ಇದನ್ನ ಒಳಗಿಟ್ಟು ಸೂಜಿದಿಂಬು ಹೊಲಿದ್ರಾಯ್ತು, ಸೂಜಿ ತುಕ್ಕು ಹಿಡಿಯಲ್ಲ."

"ಅಮ್ಮನ ಗೂಡಿಗೆ ಬೇಡ್ವಾ?"

"ಗೂಡು ಖಾಲಿ ಇದ್ರೆ ತಾನೇ ಹಾಕೋದು" ಎಂದಳು ಶಿಗೆ. "ಕೂಗಿದ್ದು ಯಾರು ಮತ್ತೆ? ಅವಳು ಅಲ್ಲಿ ಸಂತೋಷವಾಗಿದಾಳೆ. ಹೋಗಿ ಕೆರೆದು ಎಬ್ಬಿಸಬೇಡಿ."

ಗಾಳಿ ಇಳಿದ ಮೇಲೆ, ಮರುದಿನ ಮಧ್ಯಾಹ್ನ, ಬಿರಡೆಯ ಮೇಲಿನ ಉಳಿಯ ಗೀರುಗಳನ್ನು ನಯ ಮಾಡಲು ತೊಕುಜಿ ಒಬ್ಬನೇ ದೋಣಿಯಡಿಗೆ ಇಳಿದ. ಕೈಯಿಂದ ಸವರಿ ನೋಡಿದ. ಬಿರಡೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬಗ್ಗಿ ಮೂಗು ಹಚ್ಚಿದ. ಒಳಗಿನಿಂದ ತೆಳ್ಳಗೆ ತಂಬಾಕಿನ ಹೊಗೆಯ ವಾಸನೆ ಬರುತ್ತಿತ್ತು. ತನ್ನದೇ ತಂಬಾಕು. ಗುರುತು ತಪ್ಪುವ ಹಾಗೇ ಇಲ್ಲ.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೇಲೆ ಸೊಂಟದಿಂದ ಚಿಲುಮೆ ತೆಗೆದು, ಬಟ್ಟೆಯಿಂದ ಒರೆಸಿ, ಹೊಸ ತಂಬಾಕು ತುಂಬಿ ಕೂವೆಮರದ ಬುಡದಲ್ಲಿಟ್ಟ. ಕೆಂಡ ತಾಗಿಸಲಿಲ್ಲ, ಮರದ ದೋಣಿ, ಎಷ್ಟಾದರೂ ತಾನು ಕಟ್ಟಿದ್ದು. ಹಲಗೆ ಮುಚ್ಚಿ, ಕೈಮುಗಿದು, ಮನೆಗೆ ಹೋಗಿ ಊಟ ಮಾಡಿದ.

 ಎದ್ದು ಮತ್ತೆ ಬಂದ. ಹಲಗೆ ಎತ್ತಿದ.

ಚಿಲುಮೆ ಇಟ್ಟಲ್ಲೇ ಇತ್ತು. ಯಾರೋ ಸೇದಿ ಮುಗಿಸಿ, ಬೂದಿಯನ್ನು ಒಂದು ಕಡೆ ನೀಟಾಗಿ ಕೊಡವಿಟ್ಟಿದ್ದರು. ಹಿತ್ತಾಳೆ ಇನ್ನೂ ಬೆಚ್ಚಗಿತ್ತು.