ಅಕ್ಕ ಮಾತಾಡದ ತಿಂಗಳು

ಬ್ಯಾಂಡು ಕಟ್ಟಿದವಳು ಅಕ್ಕ, ಹಾಡುವವಳೂ ಅವಳೇ. ಅವಳ ತಮ್ಮ ಡ್ರಮ್ಸ್ ಬಾರಿಸುತ್ತಿದ್ದ. ಅವಳ ಗೆಳೆಯರಿಬ್ಬರು ಗಿಟಾರ್ ನುಡಿಸುತ್ತಿದ್ದರು. ಅವರಲ್ಲಿ ಏಣಿಯಂತೆ ಬೆಳೆದವನಿಗೆ ಉದ್ದಣ್ಣ ಅಂತಲೇ ಹೆಸರು. ನಾಲ್ವರೂ ಒಂದು ವರ್ಷದ ಕರಾರಿಗೆ ಸಹಿ ಹಾಕಿ ಪರದೇಶದ ನೈಟ್‌ಕ್ಲಬ್ಬಿಗೆ ಬಂದಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಐದು ಗಂಟೆ ಹಾಡಬೇಕು. ಇರಲು ಕ್ಲಬ್ಬಿನ ಹಿಂದಿನ ಉಗ್ರಾಣ: ಒಂದು ಗೋಡೆಗೆ ಖಾಲಿ ಬಾಟಲಿಗಳ ಕ್ರೇಟು, ಇನ್ನೊಂದಕ್ಕೆ ಎರಡಂತಸ್ತಿನ ಮಂಚ, ನಡುವೆ ಅಕ್ಕ ಕಟ್ಟಿದ ಬೆಡ್‌ಶೀಟಿನ ಪರದೆ. ಊರಲ್ಲಿ ಹತ್ತು ಹಾಡು ಬರುತ್ತಿದ್ದವರಿಗೆ ಇಲ್ಲಿ ಎಂಬತ್ತು ಬಾಯಿಪಾಠವಾದವು. ಕೈಗಳು ಪಳಗಿದವು. ಆದರೆ ಗಂಟಲು ಕೈಯಲ್ಲವಲ್ಲ.

ನಾಲ್ಕನೇ ತಿಂಗಳು ಅಕ್ಕನ ದನಿ ಒಡೆಯಿತು. ಹಬೆ, ಉಪ್ಪುನೀರು, ಜೇನುತುಪ್ಪ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ತಮ್ಮ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಸಣ್ಣ ಕನ್ನಡಿ ಹಿಡಿದು ನೋಡಿ, ಗಂಟಲೊಳಗೆ ಗಂಟು ಎದ್ದಿದೆ ಎಂದರು. ಒಂದು ತಿಂಗಳು ಮಾತಿಲ್ಲ, ಪಿಸುಮಾತೂ ಇಲ್ಲ. ಕೇಳದಿದ್ದರೆ ಹಾಡಿನ ಆಸೆಯನ್ನೇ ಬಿಡಬೇಕು. ವಾಪಸು ಬರುವಾಗ ಅಕ್ಕ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಅತ್ತಳು, ಅದೂ ಸದ್ದಿಲ್ಲದೆ.

ಹಾಡಿಲ್ಲದಿದ್ದರೆ ಮಂಚವೂ ಇಲ್ಲ ಎಂದ ಮ್ಯಾನೇಜರು. ಕೋರಸ್ಸಿಗೆ ದನಿ ಸೇರಿಸಿದ್ದು ಬಿಟ್ಟರೆ ಎಂದೂ ಹಾಡದ ತಮ್ಮ, ತಾನು ಹಾಡುತ್ತೇನೆಂದು ಒಪ್ಪಿಕೊಂಡ. ಡ್ರಮ್ಸಿಗೆ ಪಕ್ಕದ ಕ್ಲಬ್ಬಿನಲ್ಲಿ ಕೆಲಸ ಕಳೆದುಕೊಂಡಿದ್ದ ಒಬ್ಬ ಮುದುಕ ಸಿಕ್ಕಿದ.

ಮೊದಲ ವಾರ ತಮ್ಮನದು ನಾಯಿಪಾಡು. ಜನ ಬೆನ್ನು ಹಾಕಿಕೊಂಡು ಕುಡಿಯುತ್ತಿದ್ದರು. ಅಕ್ಕ ದಿನಾ ಮಧ್ಯಾಹ್ನ ಅವನನ್ನು ಖಾಲಿ ಹಾಲಿನಲ್ಲಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದಳು: ಇಲ್ಲಿ ಉಸಿರು ತಗೋ, ಇಲ್ಲಿ ಕಿರುಚಬೇಡ, ಈ ಸಾಲು ಯಾರೋ ಒಬ್ಬರಿಗೇ ಹೇಳಿದ ಹಾಗಿರಲಿ. ಹೊಟ್ಟೆಯ ಮೇಲೆ ಅಂಗೈ ಒತ್ತಿ, ಉಸಿರು ಎಲ್ಲಿಂದ ಏಳಬೇಕೆಂದು ಕಲಿಸಿದಳು. ಮೂರನೇ ವಾರಕ್ಕೆ ಜನ ತಿರುಗಿ ಕೂತರು. ಕೆಲವರು ಅವನ ಹೆಸರು ಹಿಡಿದು ಕೂಗತೊಡಗಿದರು.

ಅವನಿಗೆ ರುಚಿ ಹತ್ತಿತು. ಅಕ್ಕ ಬೇಗ ಗುಣವಾಗಲಿ ಎಂದು ಹಾರೈಸಲು ಹೋದರೆ ಮನಸ್ಸು ಅರ್ಧಕ್ಕೇ ನಿಲ್ಲುತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ಆದರೂ ಸಂಜೆಯಾದರೆ ಎಲ್ಲರಿಗಿಂತ ಮೊದಲು ತಯಾರಾಗುತ್ತಿದ್ದವನು ಅವನೇ.

ತಿಂಗಳು ತುಂಬಿತು. ಡಾಕ್ಟರು ನಿಧಾನಕ್ಕೆ ಹಾಡಬಹುದೆಂದರು. ಮಧ್ಯಾಹ್ನದ ಅಭ್ಯಾಸಕ್ಕೆ ಬಂದು ಅಕ್ಕ ಒಂದು ಹಾಡು ಹಾಡಿದಳು. ಶ್ರುತಿ ತಪ್ಪಲಿಲ್ಲ, ಆದರೆ ದನಿ ದಪ್ಪವಾಗಿ, ಒಂದು ಮೆಟ್ಟಿಲು ಕೆಳಗಿಳಿದಿತ್ತು. ಉದ್ದಣ್ಣ ತಲೆ ತಗ್ಗಿಸಿಕೊಂಡೇ ಮ್ಯಾನೇಜರನ ಮಾತು ಮುಟ್ಟಿಸಿದ: ಮುಂದೆ ತಮ್ಮನೇ ಇರಲಿ, ಅಕ್ಕನಿಗೆ ಎರಡು ಹಾಡು ಸಾಕು.

ಎಲ್ಲರೂ ತಮ್ಮನನ್ನು ನೋಡಿದರು. ಅವನು ಮೈಕಿನ ಸ್ಟ್ಯಾಂಡಿನ ತಿರುಪು ಬಿಗಿಮಾಡುತ್ತ, "ಇನ್ನೊಂದಷ್ಟು ದಿನ ನಾನೇ ಹಾಡ್ತೀನಿ ಅಕ್ಕ. ನಿನ್ನ ಗಂಟಲಿಗೆ ಇನ್ನೂ ಆಯಾಸ ಇದೆ," ಎಂದ.

"ಗಂಟಲಿನ ಸುದ್ದಿ ಡಾಕ್ಟರು ಹೇಳಿದಾರೆ. ನಿನ್ನ ಮನಸ್ಸಲ್ಲಿರೋದು ನೀನು ಹೇಳು."

ತಿರುಪು ಇನ್ನು ಬಿಗಿಯುವಂತಿರಲಿಲ್ಲ. "ನಂಗೆ ಹಾಡ್ಬೇಕು ಅಕ್ಕ," ಎಂದ.

ಅವಳು ರೇಗಲಿಲ್ಲ. ರೇಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಎರಡು ವಾರ ಹಿಂದೆ ನಿಂತು ಕೋರಸ್ ಹಾಡಿದಳು. ಆಮೇಲೆ ಪೇಟೆಯ ಒಂದು ಹೋಟೆಲಿನಲ್ಲಿ, ಮಧ್ಯಾಹ್ನ ಪಿಯಾನೋ ಪಕ್ಕ ನಿಂತು ಮೆಲ್ಲಗೆ ಹಾಡುವ ಕೆಲಸ ಹುಡುಕಿಕೊಂಡಳು. ಆ ದಪ್ಪ ದನಿ ಅಲ್ಲಿಯವರಿಗೆ ಹಿಡಿಸಿತು. ಉಗ್ರಾಣದ ಪರದೆಯನ್ನು ಬಿಚ್ಚಿ ತೊಳೆದು ಮಡಚಿಕೊಂಡು ಹೊರಟುಹೋದಳು.

ಕರಾರು ಮುಗಿದು ಬ್ಯಾಂಡು ಮುಂದಿನ ಊರಿಗೆ ಹೊರಟ ಬೆಳಿಗ್ಗೆ ಅವಳು ಬಸ್‌ಸ್ಟ್ಯಾಂಡಿಗೆ ಬಂದಳು. ದಾರಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿ ತಂದಿದ್ದಳು. ಪೊಟ್ಟಣ ಹಿಡಿದುಕೊಂಡು ತಮ್ಮ ಕೇಳಿದ:

"ಸಿಟ್ಟಿದೆಯಾ ಅಕ್ಕ?"

"ಇದೆ. ಹೋಗೋದಿಲ್ಲ ಅನ್ಸುತ್ತೆ," ಎಂದಳು. "ನೀನು ಹತ್ತು, ಬಸ್ಸು ಹೊರಡುತ್ತೆ."

ಅವಳು ಅಲ್ಲೇ ಉಳಿದಳು. ಬ್ಯಾಂಡು ಬೆಳೆಯಿತು, ಹೆಸರೂ ಮಾಡಿತು. ಪ್ರತಿ ಭಾನುವಾರ ಅಕ್ಕ-ತಮ್ಮ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಚಳಿ, ಊಟ, ಬಾಡಿಗೆಮನೆ, ಅಪ್ಪನ ಮಂಡಿನೋವು. ಹಾಡಿನ ಮಾತು ಅವಳು ಎತ್ತುವುದಿಲ್ಲ; ಎತ್ತಲು ಅವನಿಗೆ ಧೈರ್ಯವಿಲ್ಲ.