ಕೊನೆಯ ಹದಿನಾಲ್ಕು ಪುಟ

"ಕಾದಂಬರಿ ಕೊನೆಯಂತೂ ಏನ್ ಹೇಳ್ಲಿ ಮೇಡಂ! ಕಮಲಾ ದೋಣಿ ಹತ್ತೋದೇ ಇಲ್ಲ, ದಡದಲ್ಲೇ ನಿಂತ್ಬಿಡ್ತಾಳೆ. ಓದಿ ಎರಡು ದಿನ ನಂಗೆ ಊಟ ಸೇರ್ಲಿಲ್ಲ," ಎಂದಳು ಸಾವಿತ್ರಿ.

ಎದುರಿಗಿದ್ದ ಯಶೋದಾ ಕಾಫಿ ಲೋಟ ಕೆಳಗಿಟ್ಟರು. ಆ ಕಾದಂಬರಿ ಬರೆದವರು ಅವರೇ. ವಡೋದರಾದ ಗೋರ್ವಾ ಬಡಾವಣೆಯಲ್ಲಿ ಉಡುಪಿ ಹೋಟೆಲು ನಡೆಸುವ ಮಗ ಸದಾಶಿವನ ಮನೆಗೆ ಬಂದಿದ್ದಾರೆಂದು ತಿಳಿದದ್ದೇ ತಡ, ಸಾವಿತ್ರಿ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಹೋಟೆಲಿಗೆ ಓಡಿ ಬಂದಿದ್ದಳು. ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನುಹತ್ತಿ ಊರೂರು ಸುತ್ತಿದ ಅವಳಿಗೆ ವಡೋದರಾದ ಕನ್ನಡಿಗರಲ್ಲಿ ಇದ್ದ ಹೆಸರು ಒಂದೇ: ತುಂಬ ಓದುವವಳು. ಕನ್ನಡ ಪುಸ್ತಕದ ಅಂಗಡಿಯೇ ಇಲ್ಲದ ಊರು; ಎಲ್ಲೆಲ್ಲಿಂದಲೋ ಬಿಟ್ಟಿ ಪಿಡಿಎಫ್ ಹುಡುಕಿ ಅರವತ್ತಮೂರು ಜನರ ವಾಟ್ಸಾಪ್ ಗುಂಪಿಗೆ ಹಂಚುತ್ತಿದ್ದಳು. ಬರುವ ಭಾನುವಾರ ಆ ಗುಂಪಿನೆದುರು ಲೇಖಕಿಯನ್ನು ಕೂರಿಸಿಕೊಂಡು, ಅವರ ಕಾದಂಬರಿಯ ಬಗ್ಗೆ ತಾನೇ ಮಾತನಾಡಬೇಕೆಂದು ಅವಳಿಗೆ ಆಸೆಯೋ ಆಸೆ.

"ಹತ್ತುವುದಿಲ್ವಾ?" ಯಶೋದಾ ಹುಬ್ಬೇರಿಸಿದರು. "ನೀವು ಓದಿದ ಪುಸ್ತಕ ಒಮ್ಮೆ ತೋರಿಸಿ ಮಾರಾಯ್ರೇ."

ಸಾವಿತ್ರಿ ಹೆಮ್ಮೆಯಿಂದಲೇ ಮೊಬೈಲು ಚಾಚಿದಳು. "ಫ್ರೀಯಾಗಿ ಸಿಕ್ತು ಮೇಡಂ. ಭಾನುವಾರಕ್ಕೆ ಓದ್ಕೊಂಡು ಬನ್ನಿ ಅಂತ ಮೊನ್ನೆನೇ ಎಲ್ರಿಗೂ ಕಳಿಸಿದೀನಿ."

ಯಶೋದಾ ಕನ್ನಡಕ ಸರಿಮಾಡಿಕೊಂಡು ಕೊನೆಯ ಪುಟದವರೆಗೂ ಬೆರಳಾಡಿಸಿದರು. ಸಿಟ್ಟಾಗಲಿಲ್ಲ. ಆಗಿದ್ದರೇ ವಾಸಿಯಿತ್ತು.

"ಇನ್ನೂ ಹದಿನಾಲ್ಕು ಪುಟ ಉಂಟು," ಎಂದರು ಮೆಲ್ಲಗೆ. "ಸ್ಕ್ಯಾನ್ ಮಾಡಿದವರಿಗೆ ಬೇಜಾರು ಬಂದಿರಬೇಕು. ಕಮಲಾ ದೋಣಿ ಹತ್ತುತ್ತಾಳೆ. ಅವಳನ್ನು ಹತ್ತಿಸಲಿಕ್ಕೇ ನಾನು ಇಷ್ಟೆಲ್ಲ ಬರೆದದ್ದು."

ಸಾವಿತ್ರಿಯ ಕಿವಿಯವರೆಗೂ ಬಿಸಿಯೇರಿತು. ಕದ್ದದ್ದು ಸಾಲದೆಂಬಂತೆ, ಕದ್ದ ಮಾಲನ್ನು ಬರೆದವರ ಕೈಗೇ ಕೊಟ್ಟು, ಇಲ್ಲದ ಕೊನೆಯನ್ನು ಹೊಗಳಿದ್ದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಯಶೋದಾ ಚೀಲದಿಂದ ಅಂಚು ಸವೆದ ಪುಸ್ತಕವೊಂದನ್ನು ತೆಗೆದು ಅವಳ ಮುಂದಿಟ್ಟರು. "ಓದಿ. ಇದೂ ಫ್ರೀಯೇ. ವಾಪಸು ಮಾತ್ರ ಕೊಡಿ, ನನ್ನ ಹತ್ತಿರ ಉಳಿದದ್ದು ಇದೊಂದೇ."

ಅಷ್ಟರಲ್ಲಿ ಅವರ ಕೈಯಲ್ಲೇ ಇದ್ದ ಮೊಬೈಲು ಗುರ್ರೆಂದಿತು. ಗುಂಪಿನ ನಿಶ್ಚಿತಾ ಬರೆದಿದ್ದಳು: "ಅಕ್ಕಾ, ಓದಿ ಮುಗಿಸ್ದೆ. ದೋಣಿ ಹತ್ತಲ್ವಲ್ಲ, ಎಂಥಾ ಎಂಡಿಂಗ್! ಮೇಡಂಗೆ ಹೇಳಿ ಪ್ಲೀಸ್."

ಯಶೋದಾ ಓದಿದರು. ಮೊಬೈಲನ್ನು ಪುಸ್ತಕದ ಮೇಲಿಟ್ಟು, ತಣ್ಣಗಾದ ಕಾಫಿ ಎತ್ತಿಕೊಂಡರು. ಗುಂಪಿನವರ ಸಂದೇಶಗಳು ಬಂದಂತೆಲ್ಲ ಮೊಬೈಲು ಅಲ್ಲೇ ಮತ್ತೆ ಮತ್ತೆ ಅದುರುತ್ತಿತ್ತು. ಸಾವಿತ್ರಿ ಅದಕ್ಕೆ ಕೈ ಚಾಚಲಿಲ್ಲ.